ನೂರು ಪದ ಮೀರದಂತೆ

ತಪೋವನದ ಏರುದಾರಿಯಲ್ಲಿ, ಮೊಬೈಲ್ ರಿಪೇರಿಯವನ ಪಕ್ಕ
ಒಂದು ಕಂಪ್ಯೂಟರು, ಒಂದು ಪ್ರಿಂಟರು, ನಾನು.
ಸೀಸನ್ನು ಶುರುವಾಗುವ ಮುಂಚೆ ಬರುತ್ತಾರೆ ಇಲ್ಲಿಗೆ
ಯೋಗ ಕಲಿಸುವವರಿಗೆ ಕಲಿಸುವವರು,
ತಮ್ಮ ಹಿಂದಿನದನ್ನು ಬರೆಸಿಕೊಳ್ಳಲು.
ಪುಟಕ್ಕೆ ಎಂಬತ್ತು. ಫೋಟೊ ಇದ್ದರೆ ನೂರು.

‘ಹಿಮಾಲಯದ ಮಡಿಲಲ್ಲಿ’ ನನ್ನಲ್ಲಿ ಸಿದ್ಧವಿದೆ,
‘ಬಾಲ್ಯದಿಂದಲೇ’ ಕೂಡ.
‘ಪ್ರಾಚೀನ ಗುರುಪರಂಪರೆ’ಗೆ ಒಂದು ಬಟನ್ನನ್ನೇ ಮೀಸಲಿಟ್ಟಿದ್ದೇನೆ:
ಎಫ್ ಏಳು.

ಗುಸಾಯಿ ಬಂದರು. ಫೌಜಿನಲ್ಲಿ ಇಪ್ಪತ್ತೆರಡು ವರ್ಷ,
ಎಡಗಾಲಿನ ಮೂರು ಬೆರಳು ಹಿಮಕ್ಕೆ ಕೊಟ್ಟವರು.
ವೃಕ್ಷಾಸನಕ್ಕೆ ನಿಂತರೆ
ಎದುರಿನ ಮೂವತ್ತು ಮಂದಿ ಓಲಾಡುತ್ತಾರಂತೆ, ಅವರಲ್ಲ.
‘ಬೆರಳಿನ ಸುದ್ದಿ ಬೇಡಪ್ಪ,
ಹತ್ತೂ ಇರುವವರಿಗೆ ನಾಚಿಕೆಯಾಗುತ್ತೆ.’
ಎಫ್ ಏಳು ಒತ್ತಿದೆ.

ಟೀಕಾರಾಮ, ನೇಪಾಳದ ಬಝಂಗಿನವನು.
ಆಶ್ರಮದ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ರೊಟ್ಟಿ ಲಟ್ಟಿಸಿದ.
ಕಿಟಕಿಯಾಚೆ ಪಾಠ; ಈಚೆ ಇವನು
ಒಂದೊಂದು ಉಸಿರಿಗೆ ಒಂದೊಂದು ಉಂಡೆ ನಾದುತ್ತ.
ಒಂದು ಬೆಳಿಗ್ಗೆ ಗುರುಗಳಿಗೆ ಭೇದಿ.
ಹಿಟ್ಟಿನ ಕೈ ತೊಳೆದುಕೊಂಡು ಹೋಗಿ ನಿಂತವನು
ಮರಳಿ ಒಲೆಗೆ ಬರಲಿಲ್ಲ.
‘ಯಾರ ಶಿಷ್ಯ ಅಂತ ಹಾಕಲಿ?’
‘ಕಿಟಕಿಯ’ ಅಂದ. ತಾನೇ ನಕ್ಕ.
ಆಮೇಲೆ ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ,
‘ಸ್ವಾಮೀಜಿಯ ಅಂತಲೇ ಹಾಕು.’

ಲಾತ್ವಿಯಾದ ಇಲ್ಜೆ ಚಿಲ್ಲರೆ ಸರಿಯಾಗಿ ಎಣಿಸಿ ತಂದಿದ್ದಳು.
ಹದಿಮೂರರವರೆಗೆ ಜಿಮ್ನಾಸ್ಟ್. ಆಮೇಲೆ ಒಂದು ವರ್ಷ ಪ್ಲಾಸ್ಟರು.
ಅವಳ ತರಗತಿಯಲ್ಲಿ
ಯಾರೂ ಯಾರ ಬೆನ್ನನ್ನೂ ಕೈಯಿಟ್ಟು ಒತ್ತುವಂತಿಲ್ಲ.
ಅಷ್ಟೇ ಬರೆಸಿದಳು. ಒಂದೇ ಸಾಲು.
ಉಳಿದ ಪದಗಳಿಗೆ ದುಡ್ಡು ವಾಪಸು ಕೇಳಲಿಲ್ಲ.

ಕೊನೆಗೆ ವಿಮಲಾ ಪೈನ್ಯೂಲಿ, ಪ್ರಾಣಾಯಾಮದವರು.
ಛತ್ರಿ ಮಡಚಿ ಸ್ಟೂಲಿನ ತುದಿಯಲ್ಲಿ ಕುಳಿತರು.
ಹುಟ್ಟಿದೂರು?
‘ಇದೆ. ಟಿಹರಿ ಅಣೆಕಟ್ಟಿನ ನೀರಿನಡಿ.
ಬೇಸಿಗೆ ಜೋರಾದ ವರ್ಷ ಯಾವುದೋ ಗೋಡೆಯ ತಲೆ ಕಂಡಿತು ಅಂತಾರೆ,
ನಾನು ಹೋಗಿ ನೋಡಿಲ್ಲ.’
ಕುಂಭಕ ಯಾರಿಂದ ಕಲಿತಿರಿ?
ಅವರು ಪ್ರಿಂಟರನ್ನೇ ನೋಡುತ್ತ ಹೇಳಿದರು:

‘ಹೊಸ್ತಿಲಿಂದ ಅಕ್ರೋಟಿನ ಮರಕ್ಕೆ ಇಪ್ಪತ್ತೊಂದು ಹೆಜ್ಜೆ.
ಬರುವಾಗ ಇಪ್ಪತ್ತೊಂದು.
ಬೆನ್ನ ಮೇಲೆ ಹುಲ್ಲಿನ ಹೊರೆ ಇದ್ದರೂ ಅಷ್ಟೇ,
ಆಗ ಹೆಜ್ಜೆ ಚಿಕ್ಕದಾಗುತ್ತಿತ್ತು, ನಾನು ಜೋರಾಗಿ ಇಡುತ್ತಿದ್ದೆ.
ಈಗ ಉಸಿರು ಹಿಡಿದಾಗ ಹೋಗಿ ಬರುತ್ತೇನೆ.
ನೀರಿನಲ್ಲಿ ಉಸಿರು ಬಿಡುವ ಹಾಗಿಲ್ಲವಲ್ಲ.
ಹುಡುಗರಿಗೆ ನಲವತ್ತೆರಡು ಎಣಿಸಿ ಅಂತೀನಿ.
ಯಾಕೆ ನಲವತ್ತೆರಡು ಅಂತ ಕೇಳ್ತಾರೆ,
ಒಬ್ಬ ಜಪಾನಿ ಹುಡುಗ ಅದರ ಗೂಢಾರ್ಥ ಬರೆದುಕೊಂಡೂ ಹೋದ.’

ನೂರು ಪದ ಆಗಲೇ ದಾಟಿತ್ತು.
ಶಾಲೆಯ ಮಾಲೀಕನ ಫೋನು: ‘ಸಂಜೆಯೊಳಗೆ ಫೈಲು ಬೇಕು.
ಮುಳುಗಿದ ಊರು ಗೀರು ಹಾಕಬೇಡ,
ರಜೆಯ ದುಡ್ಡು ಕೊಟ್ಟು ಬರೋರು ಅವರು.’
ಅಳಿಸಿದೆ. ಹೊರೆ ಹೋಯಿತು, ಮರ ಹೋಯಿತು,
ಗೋಡೆಯ ತಲೆ ಮತ್ತೆ ಮುಳುಗಿತು.
ಖಾಲಿ ಪುಟದ ಮೇಲೆ ಕರ್ಸರು ಮಿಟುಕುತ್ತಿತ್ತು.
ಎಫ್ ಏಳರ ಮೇಲೆ ಬೆರಳಿಟ್ಟು ತೆಗೆದೆ.
‘ಬಾಲ್ಯದಿಂದಲೇ’ ಅಂತ ಕೈಯಾರೆ ಹೊಡೆದೆ,
ಒಂದೊಂದೇ ಅಕ್ಷರ.
ಇಷ್ಟು ವರ್ಷದಲ್ಲಿ ಆ ಪದ
ಮೊದಲ ಸಲ ತನ್ನ ಮೈಯಳತೆಗೆ ಕೂತಿತು.

ಅವರು ಓದಿ ತಲೆಯಾಡಿಸಿದರು. ‘ಸಾಕು, ಇಷ್ಟು ಸಾಕು.’
ನೂರು ಕೊಟ್ಟರು. ಫೋಟೊ ಇರಲಿಲ್ಲ,
ಇಪ್ಪತ್ತು ಹಿಂದಕ್ಕೆ ಕೊಡಲು ಎದ್ದಾಗ ಛತ್ರಿ ತಿರುವು ದಾಟಿತ್ತು.

ಏಳು ಗಂಟೆಗೆ ಕರೆಂಟು ಹೋಯಿತು.
ರಿಪೇರಿಯವನು ಮೋಂಬತ್ತಿ ಹುಡುಕುತ್ತಿದ್ದ.
ನಾನು ಸುಮ್ಮನೆ ಉಸಿರೆಳೆದು ಹಿಡಿದೆ.
ಹೋಗುವಾಗ ಇಪ್ಪತ್ತೊಂದು ಸರಿಯಾಗೇ ಆಯಿತು.
ಬರುವಾಗ, ಐದನೆಯದರಲ್ಲಿ,
ಬಿಟ್ಟುಬಿಟ್ಟೆ.