ಹನ್ನೊಂದು ನಿಮಿಷ

ಸೋಮವಾರ ಔಲುವಿಗೆ ಹೊಸ ಆವೃತ್ತಿ ಬಂತು.
ಸಾನಾ ಮೇಲಂಗಿ ಕಳಚುವ ಮೊದಲೇ ಅದನ್ನು ಇಳಿಸಿಕೊಂಡು
ತೆರೆಯ ಮೇಲೆ ಹಿಮಸಾರಂಗವೊಂದನ್ನು ನಿಲ್ಲಿಸಿದಳು.
ನಾಲ್ಕು ವರ್ಷದ ಹೆಣ್ಣು.
ಕೊಬ್ಬು, ಸ್ನಾಯು, ಎಲುಬು, ನೆತ್ತರು,
ಒಂದೊಂದಕ್ಕೂ ಅದರದೇ ಅಂಕಿ.
ಕೊರಳಲ್ಲಿ ಪಟ್ಟಿ, ಪಟ್ಟಿಯೊಳಗೆ ಹೆಬ್ಬೆರಳುದ್ದದ ಆಂಟೆನಾ.
ಎಲ್ಲಿದ್ದೀಯೆ ಅಂದರೆ
ಇಲ್ಲಿದ್ದೇನೆ ಅನ್ನಬೇಕು ಅದು, ಮೂರು ಗುಡ್ಡದಾಚೆಯಿಂದ.
ಕೆಲಸ ಇಷ್ಟೆ.

ಇಷ್ಟಕ್ಕೆ ಬಲೆ ನೇಯಬೇಕು.
ಇಡಿಯಾಗಿ ಯಾವ ಪ್ರಾಣಿಯೂ ಲೆಕ್ಕಕ್ಕೆ ಸಿಕ್ಕುವುದಿಲ್ಲ;
ಚೂರಾಗಿಸಬೇಕು, ಎಂಬತ್ತು ಲಕ್ಷ ಚತುರ್ಮುಖಗಳಾಗಿ.
ಬ್ರಹ್ಮನಲ್ಲ, ನಾಲ್ಕೇ ಗೋಡೆಯ ಪುಟ್ಟ ಗೂಡು;
ಪಕ್ಕದ ಗೂಡಿಗೆ ಸುದ್ದಿ ದಾಟಿಸುವುದಷ್ಟೇ ಗೊತ್ತು ಅದಕ್ಕೆ.
ಮುಂಚೆ ಈ ಬಲೆಯನ್ನು ಕೈಯಾರೆ ಬಿಗಿಮಾಡುತ್ತಿದ್ದವನು ಎಸ್ಕೋ,
ತಂತಿಯ ತುದಿಗೆ ಸಣ್ಣ ಕಣ್ಣು, ಹೊಟ್ಟೆಯ ಕಡೆ ದೊಡ್ಡ ಕಣ್ಣು,
ತಪ್ಪಿದರೆ ಮೀನು ಜಾರುತ್ತದೆ ಎಂದು ಗೊಣಗುತ್ತ.
ಈಗ ಬಲೆಯೇ ನೋಡಿಕೊಳ್ಳುತ್ತದೆ
ಎಲ್ಲಿ ಅಲೆ ಮುದ್ದೆಗಟ್ಟಿದೆ, ಎಲ್ಲಿ ತೆಳುವಾಗಿದೆ;
ತಾನೇ ಒಡೆದು ತಾನೇ ಹೆಣೆದುಕೊಳ್ಳುತ್ತದೆ.

ಸುತ್ತ ಒಂದು ಪೆಟ್ಟಿಗೆ. ಪೆಟ್ಟಿಗೆಯ ಗೋಡೆಗೆ
ಬಂದ ಅಲೆಯನ್ನೆಲ್ಲ ನುಂಗುವ ಗುಣ;
ಒಂದು ಪಿಸುಮಾತನ್ನೂ ಹಿಂದಿರುಗಿಸದು.
ಹೀಗೆ ಅನಂತವನ್ನು ಎಂಟು ಪದರದಲ್ಲಿ ಮುಗಿಸಿದ್ದಾರೆ.
ಎಸ್ಕೋನಿಗೆ ಆ ಗೋಡೆ ಕಂಡಾಗಲೆಲ್ಲ
ತೀರಿಹೋದ ಹೆಂಡತಿಯ ಫೋನ್ ನಂಬರು ನೆನಪಾಗುತ್ತದೆ.
ಹೇಳಿಲ್ಲ ಯಾರಿಗೂ.

ಒತ್ತಿದಳು. ಹನ್ನೊಂದು ನಿಮಿಷ.

ಹೋದ ವರ್ಷ ಇದೇ ಲೆಕ್ಕ ಎರಡು ರಾತ್ರಿ ತಿನ್ನುತ್ತಿತ್ತು.
ಯಂತ್ರಕ್ಕೆ ಒಪ್ಪಿಸಿ ಮನೆಗೆ ಹೋಗಿ, ಸೌನಾದ ಹಲಗೆಯ ಮೇಲೆ
ಬೆವರುತ್ತ ಕೂತಾಗ ಎಸ್ಕೋನಿಗೆ ಹೊಳೆಯುತ್ತಿತ್ತು:
ಅಯ್ಯೋ, ಆ ತಿರುಪುಮೊಳೆ! ಅದನ್ನು ಬಿಟ್ಟೆನಲ್ಲ!
ತಾಳಿದವನು ಬಾಳಿಯಾನು ಅನ್ನುವುದು
ಅವನ ಭಾಷೆಯಲ್ಲಿ ಹೇಗೋ ಗೊತ್ತಿಲ್ಲ,
ಅವನು ಬಾಳಿದ್ದು ಮಾತ್ರ ಹಾಗೆಯೇ.
ಹನ್ನೊಂದು ನಿಮಿಷದಲ್ಲಿ ಏನು ಹೊಳೆದೀತು?
ಕಾಫಿ ಇಳಿಯುವುದರೊಳಗೆ ಮುಗಿಯಿತು.
ಸಾನಾ ನಗುತ್ತಾಳೆ: ಊಟಕ್ಕೆ ಮುಂಚೆ
ಇಪ್ಪತ್ತು ಸಲ ತಪ್ಪಬಹುದು ನಾನು,
ನಿಮಗೆ ಅಷ್ಟು ತಪ್ಪಲು ಎರಡು ತಿಂಗಳು ಬೇಕಿತ್ತು.
ಅದೂ ನಿಜವೇ.

ತೆರೆಯಲ್ಲಿ ಕೊರಳು ಕೆಂಪಾಗಿ, ಹಳದಿಯಾಗಿ,
ಬೆನ್ನ ಮೇಲೆ ಹಸುರು ಹರಿದು, ಗೊರಸಿನ ಬಳಿ ನೀಲಿಗೆ ಆರಿತು.
ಚೆಂದ. ಎಲ್ಲ ಸರಿ. ಪಟ್ಟಿಗಳನ್ನು ಉತ್ತರಕ್ಕೆ ಕಳಿಸಿದರು.

ಅಕ್ಟೋಬರಿನಲ್ಲಿ ಇನಾರಿಯಿಂದ ಅಸ್ಲಾಕ್ ಫೋನ್ ಮಾಡಿದ:
ಹನ್ನೆರಡರಲ್ಲಿ ಐದು ಮಾತಾಡುತ್ತಿಲ್ಲ.
ಸತ್ತಿಲ್ಲ, ಕಣ್ಣಾರೆ ಕಂಡೆ, ಮೇಯುತ್ತಿವೆ.
ಮಳೆಯೂ ಅಲ್ಲದ ಹಿಮವೂ ಅಲ್ಲದ ಅದು ಬಿತ್ತಲ್ಲ ಮೊನ್ನೆ,
ಆಮೇಲಿಂದ ಮೂಕ.
ಅದಕ್ಕೆ ಅವನ ಜನರಲ್ಲಿ ಒಂದು ಹೆಸರಿದೆ, ಹೇಳಿದ.
ಸಾನಾ ಕೇಳಿದ ಹಾಗೆ ಗೀಚಿಕೊಂಡು, ಅಕ್ಷರ ಸರಿಹೋಗದೆ,
ಪಕ್ಕದಲ್ಲಿ ಅಂಕಿ ಹಾಕಿದಳು: ಒದ್ದೆ ತುಪ್ಪಳ,
ಮೇಲೆ ಮೂರು ಮಿಲಿಮೀಟರು ಮಂಜುಗಡ್ಡೆ.

ಹನ್ನೊಂದು ನಿಮಿಷ.
ಹೌದು. ಶ್ರುತಿ ಇಳಿದಿದೆ,
ಥಂಡಿ ಹಿಡಿದ ಮೃದಂಗದ ಹಾಗೆ.

ಎಸ್ಕೋ ನಂಬಲಿಲ್ಲ. ಒಂದು ತೊಗಲು ತರಿಸಿ,
ಮಾರ್ದನಿಯಿಲ್ಲದ ಕೋಣೆಯಲ್ಲಿ, ನೀಲಿ ಸ್ಪಂಜಿನ ಮುಳ್ಳುಗಳ ನಡುವೆ,
ಕಾಫಿ ಹೂಜಿಯಿಂದ ನೀರು ಸುರಿದು ಅಳೆದ.
ಗೆರೆಯ ಮೇಲೆ ಗೆರೆ ಕೂತಿತು, ಬಹುಮಟ್ಟಿಗೆ.
ಕೋಣೆ ವಾರವಿಡೀ ನಾರಿತು.

ಬಣ್ಣದ ಚಿತ್ರವನ್ನು ಅಸ್ಲಾಕನಿಗೆ ಕಳಿಸಿದರು.
ಅರ್ಧ ದಿನ ಉತ್ತರವಿಲ್ಲ. ಆಮೇಲೆ ಒಂದೇ ಸಾಲು:
ಚೆನ್ನಾಗಿದೆ. ನಮ್ಮಲ್ಲಿ ಹೆಣ್ಣಿಗೂ ಕೋಡಿರುತ್ತದೆ;
ಇವಳದೆಲ್ಲಿ?

ಸಾನಾ ಎಸ್ಕೋನ ಕಡೆ ನೋಡಲಿಲ್ಲ.
ಮೆಲ್ಲಗೆ ಹೊಸ ಕಡತ ತೆರೆದಳು.
ಅವನು ಟೋಪಿ ಎತ್ತಿಕೊಳ್ಳುತ್ತ ಅಂದ:
ಸೌನಾಕ್ಕೆ ಹೋಗಿ ಬರುತ್ತೇನೆ,
ಅಲ್ಲಿಯವರೆಗೆ ಒತ್ತಬೇಡ.