ಬಿಳಿಯಾದ ರಸೀದಿಗಳು

ದಿನಾ ಬೆಳಿಗ್ಗೆ ಎಂಟೂವರೆಗೆ, ಹನ್ನೆರಡನೇ ಕೋಣೆಯ ಹೊರಗೆ,
ಬೆಂಚಿನ ಈ ತುದಿಗೆ ಅವಳು, ಆ ತುದಿಗೆ ಅವನು ಕೂತಿರುವಾಗ
ನಾನು ಆಡಬೇಕಾದ ಮೊದಲ ಮಾತು:
ನಾನು ನಿಮ್ಮ ವಕೀಲೆ ಅಲ್ಲ.
ಆ ಕಡೆ ತಿರುಗಿ: ನಿಮ್ಮವಳೂ ಅಲ್ಲ.
ಹಾಗಾದರೆ ಮಗುವಿನ ಕಡೆಯವರಾ ಅಂದರೆ
ಅದೂ ಅಲ್ಲ, ಮರ್ಸೆಡ್ ಕೌಂಟಿಯ ಕಡೆಯವಳು.
ಕೌಂಟಿಗೆ ಹಸಿವಾಗುವುದಿಲ್ಲ, ರಾತ್ರಿ ಜ್ವರ ಬರುವುದಿಲ್ಲ.
ವಕೀಲರು ಮಾತ್ರ ಹನ್ನೊಂದು ಜನ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ.
ಎಷ್ಟು ಬಡವಾಯಿತು
ಎಂದು ಸೆಂಟಿನವರೆಗೆ ಲೆಕ್ಕ ಹಾಕುವವರು ನಾವು.

ಮೊದಲ ದರ್ಜೆಯಲ್ಲಿ ನನಗೆ ಕೊಟ್ಟದ್ದು ಬಾರದವರ ಕಡತ.
ಹೆಸರು ಕೂಗು. ಕಾಯಿ. ಇನ್ನೊಮ್ಮೆ ಕೂಗು.
ಬರಲಿಲ್ಲ ಎಂದು ಬರೆ.
ಒಂದು ಸೋಮವಾರ, ಊಟದ ಹೊತ್ತಿಗೆ,
ನಲವತ್ತು ಜನ ಗೈರುಹಾಜರಿಯಲ್ಲೇ ತಂದೆಯರಾದರು.
ನನ್ನಪ್ಪ, ಆ ಮುದುಕ ಬೆಟೆನ್‌ಕೋರ್ಟ್, ಹಾಲು ಕರೆಯುವ ಕೊಟ್ಟಿಗೆಯಲ್ಲಿ
ಹಸುಗಳನ್ನು ಸಹ ಇಷ್ಟು ಬೇಗ ದಾಟಿಸುತ್ತಿರಲಿಲ್ಲ;
ಒಂದೊಂದರ ಬೆನ್ನ ಮೇಲೂ ಕೈಯಿಡುತ್ತಿದ್ದ.

ಎರಡನೆಯ ದರ್ಜೆ, ಬಂದವರದು.
ಎಲೀಸಿಯೊ ಬರಾಗಾನ್ ಬಂದದ್ದು ಆಗ, ಸೆಪ್ಟೆಂಬರಿನಲ್ಲಿ,
ಟೊಮೆಟೊ ತುಂಬಿದ ಲಾರಿಯನ್ನು ಹಿಂದಿನ ಬೀದಿಯಲ್ಲಿ ಅಡ್ಡ ನಿಲ್ಲಿಸಿ,
ಬೂಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು.
ಒಳಗೆ ಹದಿನೆಂಟು ತಿಂಗಳ ರಸೀದಿಗಳು.
ಲಾರಿಯ ಗಾಜಿನ ಹಿಂದೆ ಎರಡು ಬೇಸಿಗೆ ಕಳೆದಿದ್ದವು,
ಒಂದರ ಮೇಲೂ ಅಕ್ಷರ ಉಳಿದಿರಲಿಲ್ಲ.
ಆದರೂ ಓದಿದ, ಒಂದೊಂದನ್ನೇ ಬೆಳಕಿಗೆ ಹಿಡಿದು:
ಇದು ಯಾರೆಲಿಯ ಬೂಟು, ಗಾತ್ರ ಒಂದೂವರೆ.
ಇದು ಅವಳ ಉಬ್ಬಸದ ಪಂಪು.
ಇದು... ತಡೀರಿ... ಹ್ಞಾಂ, ಹುಟ್ಟುಹಬ್ಬದ ಕೇಕು,
ಹೆಸರು ತಪ್ಪು ಬರೆದಿದ್ದರು.

ಬೆಂಚಿನ ಆ ತುದಿಯಿಂದ, ತಲೆ ಎತ್ತದೆ, ಅವಳೆಂದಳು:
ತಪ್ಪಲ್ಲ. ಒಂದಕ್ಷರ ಬಿಟ್ಟಿದ್ದರು, ಅಷ್ಟೇ.

ಬೂಟು, ಔಷಧಿ, ಕೇಕು ಕಾನೂನಿನ ಕಣ್ಣಿಗೆ ಉಡುಗೊರೆ.
ಕೌಂಟಿಯ ಕಿಟಕಿಯಿಂದ ಹಾದು ಬಂದದ್ದಷ್ಟೇ ಪೋಷಣೆ.
ನಾನು ಬರೆಸಿದೆ: ಬಾಕಿ ಆರು ಸಾವಿರದ ನೂರ ಹದಿನೆಂಟು ಡಾಲರು,
ನೂರಕ್ಕೆ ಹತ್ತರ ಬಡ್ಡಿ.
ಆತ ರಸೀದಿಗಳನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿದ.
ಅದಕ್ಕೆ ಸಮಯ ಹಿಡಿಯಿತು. ಮುಂದಿನ ಹೆಸರು ಕೂಗಿಯಾಗಿತ್ತು.

ಮೂರನೆಯ ದರ್ಜೆಗೆ ಸಂಬಳ ಏರಿತು, ದನಿಯೂ.
ಆಜ್ಞೆ ಮೀರಿದವರನ್ನು ಜೈಲಿನ ಬಾಗಿಲವರೆಗೆ
ಕರೆದೊಯ್ಯುವ ಕೆಲಸ.
ಬರಾಗಾನ್ ಈ ಸಲ ನಡೆದು ಬಂದ, ಡಬ್ಬಿ ಇರಲಿಲ್ಲ.
ಲೈಸೆನ್ಸು ತಡೆಹಿಡಿಸಿದವರು ನಾವೇ.
ಲಾರಿ ಯಾಕೆ ಓಡಿಸಲಿಲ್ಲ ಎಂದು ಕೇಳಿದವಳೂ ನಾನೇ.
ಕೇಳಿದ ಮೇಲೆ ಕೇಳಿಸಿತು.
ತಡೆ ತೆಗೆಯುವ ಪತ್ರ ಬರೆಯಲು ಮೂರು ನಿಮಿಷ.
ಹನ್ನೊಂದು ವಾರ ಅದು ಮೇಜಿನ ಮೇಲೆ ಮಲಗಿತ್ತು.
ಒಂದು ಸಹಿ ಬೇಕಿತ್ತು, ನಾಲ್ಕನೇ ದರ್ಜೆಯದು.

ಇವತ್ತು ಅದೇ ದರ್ಜೆಗೆ ಸಂದರ್ಶನ.
ಎದುರಿಗೆ ಮೂವರು, ಒಂದು ಹೂಜಿ ನೀರು.
ಆ ಕೋಣೆಗೆ ಕಿಟಕಿಯಿದೆ, ಬಾದಾಮಿ ತೋಟ ಕಾಣುತ್ತದೆ.
ಬೆಂಚು ಕಾಣುವುದಿಲ್ಲ.
ನಿಮ್ಮನ್ನು ಕಾಡಿದ ಒಂದು ಪ್ರಕರಣ ಹೇಳಿ, ಅಂದರು.
ಬಾಯಿ ತೆರೆದೆ.
ವಸೂಲಿಯ ಪ್ರಮಾಣ ಏಳು ಅಂಶ ಏರಿಸಿದ್ದನ್ನು ಹೇಳಿದೆ.
ಮೂವರೂ ಬರೆದುಕೊಂಡರು.

ಯಾರೆಲಿಗೆ ಈಗ ಹತ್ತೊಂಬತ್ತು ದಾಟಿರಬೇಕು.
ಬಾಕಿಗೆ ಮಾತ್ರ ವಯಸ್ಸು ತುಂಬುವುದಿಲ್ಲ.
ಅವಳ ಮುಖ ನಾನು ಒಮ್ಮೆಯೂ ನೋಡಿಲ್ಲ.
ಬೂಟಿನ ಗಾತ್ರ ಗೊತ್ತು.

ಕೆಳಗೆ ಪಾರ್ಕಿಂಗ್ ಯಂತ್ರ ರಸೀದಿ ಉಗುಳಿತು, ನಾಲ್ಕು ಡಾಲರಿನದು.
ಬಿಸಿಲು ಸುಡುತ್ತಿತ್ತು.
ಗಾಜಿನ ಹಿಂದೆ ಇಡಲು ಹೋದ ಕೈ
ಹಿಂದೆ ಬಂತು.