ಎಂಟಾಣೆ ದಂಡ

ಮೂರನೇ ಪಿರಿಯಡ್ಡು. ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು,
ಜೀವವಿರುವುದು ಏಳಕ್ಕೆ. ಒಂಬತ್ತನೇ ಬಿ-ಯಲ್ಲಿ ಮೂವತ್ತೆರಡು ತಲೆ.
ಗೋಡೆಯ ಸೂಚನೆ ಮಲೆಯಾಳದಲ್ಲಿ, ಕೀಲಿಮಣೆ ಇಂಗ್ಲಿಷಿನಲ್ಲಿ,
ಕುರ್ಚಿಯ ಜಗಳ ತುಳುವಿನಲ್ಲಿ, ನಾನು ಕನ್ನಡದಲ್ಲಿ:
"ಚಪ್ಪಲಿ ಹೊರಗೆ. ನಿಮ್ಮ ನಿಮ್ಮ ಊರನ್ನು ಹುಡುಕಿ ನೋಡುವ."

ಹುಡುಕಿದರು.
ಶೂನ್ಯ ಫಲಿತಾಂಶ, ಎಂದಿತು ಪರದೆ.
ಮಿಸ್ರಿಯಾ ಕೈಯೆತ್ತಿದಳು:
"ಟೀಚರ್, ಶಿರಿಯ ಅಂತ ಒಂದು ಇಲ್ಲವೇ ಇಲ್ಲವಂತೆ."
ಕಿಟಕಿಯಾಚೆ, ಶಾಲೆಯ ಬೇಲಿಗೆ ತಾಗಿ,
ಇಲ್ಲದ ಹೊಳೆ
ಕಡಲಿನ ಉಬ್ಬರಕ್ಕೆ ತುಂಬಿಕೊಂಡು
ಹಿಂದಕ್ಕೆ ಹರಿಯುತ್ತಿತ್ತು.

ಬೋರ್ಡಿನಲ್ಲಿ ಬರೆದೆ:
ನಮ್ಮನ್ನು ಅರಿಯದವನೊಬ್ಬ ನಮ್ಮೂರ ಹೆಸರನ್ನು
ಒಮ್ಮೆ ಕೇಳಿ, ಬೆವರು ಒರೆಸಿ, ಬರೆದುಕೊಂಡ ಹಾಗೆ ಬರೆಯಿರಿ.
ಅಷ್ಟು ಸಾಕಾಯಿತು.
ಒಂದು ಶಿರಿಯಕ್ಕೆ ಹದಿನಾರು ಶಿರಿಯ:
ಶೆರಿಯಾ, ಚೆರಿಯ, ಶಿರ್ರೀ, ಸೀರೆಹೊಳೆ
(ಸೀರೆಗೆ ಹಿಂದಿನ ಬೆಂಚು ನಕ್ಕು ಮುಗಿಯಲು ಎರಡು ನಿಮಿಷ).
ಐವತ್ತಾರರ ತನಕ ನಾವು ಮದ್ರಾಸಿನವರು, ಎಂದೆ,
ನಮ್ಮ ಹೊಳೆ ಅಲ್ಲಿನ ಕಪಾಟಿನಲ್ಲಿ ಒಣಗುತ್ತಿರಬಹುದು.
"ಈಗ?" ಈಗ ಯಾವುದೋ ಸರ್ವರಿನಲ್ಲಿ.
ಅದೆಲ್ಲಿದೆಯೋ ನನಗೂ ಗೊತ್ತಿಲ್ಲ.

ಇಸವಿಗೆ ಬೇಲಿ ಹಾಕಲು ಕಲಿತರು,
ಮೊದಲ ಪುಟಕ್ಕೇ ತೃಪ್ತರಾಗದಿರಲು ಕಲಿತರು.
ಕರೆಂಟು ಎರಡು ಸಲ ಹೋಯಿತು.

ಬೆಲ್ಲಿಗೆ ನಾಲ್ಕು ನಿಮಿಷವಿರುವಾಗ ಮನ್ವಿತ ಕೂಗಿದ.
ಚಕ್ರ ತಿರುಗಿ ತಿರುಗಿ, ಮೇಲಿನಿಂದ ಇಷ್ಟಿಷ್ಟೇ
ಇಳಿದು ಬಂತು ಒಂದು ಹಾಳೆ. ಹುಳ ತಿಂದ ತೂತು ಕೂಡ ಸ್ಪಷ್ಟ.
ಕಡವಿನ ಲೆಕ್ಕ, ಸಾವಿರದ ಒಂಬೈನೂರ ಮೂವತ್ತೊಂದು.
ಐತ, ದೋಣಿಯವ. ಕತ್ತಲಾದ ಮೇಲೆ ದಾಟಿಸಿದ್ದಕ್ಕೆ
ದಂಡ ಎಂಟಾಣೆ.
ಅಷ್ಟೇ. ಯಾರನ್ನು, ಯಾಕೆ,
ದಂಡ ಕಟ್ಟಿದ ದಿನ ಮನೆಯಲ್ಲಿ ಏನು ಬೇಯಿತು,
ಅದಕ್ಕೆಲ್ಲ ಆ ಹಾಳೆಯಲ್ಲಿ ಕಾಲಂ ಇಲ್ಲ.

"ಅಜ್ಜನ ಅಪ್ಪ ಐತ, ಟೀಚರ್! ದೋಣಿಯೇ ಇದ್ದದ್ದು!"
ಮರುದಿನಕ್ಕೆ ಪ್ರಾಜೆಕ್ಟಿನ ರಟ್ಟು ಸಿದ್ಧ,
ಎರಡು ಬಣ್ಣದ ಸ್ಕೆಚ್ ಪೆನ್ನಿನಲ್ಲಿ:
ಸ್ವಾತಂತ್ರ್ಯ ಹೋರಾಟಗಾರ ಐತ.
ಇರುಳಲ್ಲಿ ದಾಟಿಸಿದ್ದು ಮತ್ತೆ ಯಾರನ್ನು?
ಸೂಲಗಿತ್ತಿಯನ್ನಿರಬಹುದು, ಎಂದೆ.
ಆಟ ನೋಡಿ ಬಂದವರನ್ನು. ಕಳ್ಳನನ್ನು.
ಹೆಸರು ಸಿಕ್ಕಿದೆ ಮಾರಾಯ, ಮನುಷ್ಯ ಇನ್ನೂ ಸಿಕ್ಕಿಲ್ಲ.
ಪಕ್ಕಕ್ಕೊಂದು ಪ್ರಶ್ನೆಯ ಗುರುತು ಹಾಕು.
ಹಾಕಿದ,
ನನ್ನ ಮೇಲಿನ ಸಿಟ್ಟನ್ನೆಲ್ಲ ಆ ಕೊಕ್ಕೆಗೆ ಕೊಟ್ಟು.

ಸೋಮವಾರ ಬಂದಾಗ ಮುಖ ಸಣ್ಣದಾಗಿತ್ತು.
ಅಜ್ಜಿಯ ಹತ್ತಿರ ಕೇಳಿದನಂತೆ.
ಕೊರಪೊಳಜ್ಜಿ ವೀಳ್ಯ ಉಗುಳಿ ನಕ್ಕರಂತೆ:
ನಮ್ಮ ಮಾವನಾ? ಅವರಿಗೆ ಕತ್ತಲೆಯ ಪೋಡಿಗೆ.
ದೀಪ ಹಚ್ಚಿದ ಮೇಲೆ ಅಂಗಳಕ್ಕೂ ಇಳಿದವರಲ್ಲ.

ಹಾಗಾದರೆ ಕಡತ ಸುಳ್ಳಾ, ಅಜ್ಜಿ ಸುಳ್ಳಾ?
ಐತ ಇಬ್ಬರಿದ್ದರಾ?
ಅಥವಾ ಆ ಒಂದು ರಾತ್ರಿ ದಾಟಿಸಿ ಬಂದ ಮೇಲೆಯೇ
ಹಿಡಿದದ್ದಾ ಆ ಹೆದರಿಕೆ?
ಕೊನೆಯದನ್ನು ಕೇಳಿದ್ದು ಮಿಸ್ರಿಯಾ.
ಹತ್ತೊಂಬತ್ತು ವರ್ಷ ಚರಿತ್ರೆ ಕಲಿಸಿದ ನನಗೆ
ಅದು ಹೊಳೆದಿರಲಿಲ್ಲ.
ಯಾರೂ ಮಾತಾಡಲಿಲ್ಲ. ಫ್ಯಾನು ಮಾತ್ರ
ಕಟಕಟ ಎನ್ನುತ್ತಿತ್ತು.

ಎರಡನ್ನೂ ಬರೆ, ಎಂದೆ ಮನ್ವಿತನಿಗೆ.
ಬರೆದ. ಅಡಿಯಲ್ಲಿ ಮೂಲಗಳು.
ಒಂದು: ಕಡತದ ನಂಬರು, ಪುಟ, ನೋಡಿದ ತಾರೀಕು.
ಎರಡು: ಅಜ್ಜಿ.
"ಅಜ್ಜಿಗೆ ಪುಟ ಸಂಖ್ಯೆ ಏನು ಹಾಕುವುದು, ಟೀಚರ್?"
ಪ್ರಾಯ ಹಾಕು.
"ಅದು ಅವರಿಗೇ ಗೊತ್ತಿಲ್ಲ."
ಸರಿ, ಹಾಗಂತಲೇ ಬರೆ.